ಡ್ಯೂಬೆನ್‌ಡಾರ್ಫ್‌ನಲ್ಲಿ ಇಳಿದ ರಾತ್ರಿ ಬೇಟೆಗಾರ

ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳ ಮೂತಿಗೆ ಕಡ್ಡಿಗಳನ್ನು ಸಿಕ್ಕಿಸಿದ್ದೇಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಹಳೆಯ ಫೋಟೊದಲ್ಲಿರುವ ವಿಮಾನ ಎಂಥದ್ದೆಂದು ಪತ್ತೆಹಚ್ಚುವವರು ಮೊದಲು ನೋಡುವುದೇ ಆ ಕಡ್ಡಿಗಳನ್ನು.

1944ರ ಏಪ್ರಿಲ್ 28ರ ನಡುರಾತ್ರಿ ದಾಟಿದ ಮೇಲೆ, ಬ್ರಿಟಿಷ್ ಬಾಂಬರ್‌ಗಳನ್ನು ಬೆನ್ನಟ್ಟಿದ್ದ ಮೆಸ್ಸರ್‌ಶ್ಮಿಟ್ ಬಿಎಫ್ 110 ಒಂದು ತಟಸ್ಥ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ಇಳಿಯಿತು. ಪೈಲಟ್ ವಿಲ್ಹೆಲ್ಮ್ ಯೋನೆನ್. ಪಕ್ಕದಲ್ಲಿ ಬರೆದಿದ್ದ 'ಸಿ9+ಇಎನ್' ಅದರ ದಳ ಯಾವುದೆಂದು ಹೇಳುತ್ತಿತ್ತು: ಸಿ9 ಎಂದರೆ 5ನೇ ರಾತ್ರಿ ಫೈಟರ್ ದಳ. ಆದರೆ ಬರ್ಲಿನ್ನಿಗೆ ಚಿಂತೆ ಹತ್ತಿದ್ದು ಬೆನ್ನಿನಿಂದ ಮೇಲಕ್ಕೆ ಗುಂಡು ಹಾರಿಸುವ ಫಿರಂಗಿಗಳು ಮತ್ತು ಮೂತಿಯ ರಡಾರಿನ ಬಗ್ಗೆ.

ಮಾಳಿಗೆಯ ಮೇಲಿದ್ದ ಹಳೆಯ ದೂರದರ್ಶನದ ಆಂಟೆನಾ ನೆನಪಿಸಿಕೊಳ್ಳಿ. ಅದರ ಅಡ್ಡಕಡ್ಡಿಗಳ ಉದ್ದವನ್ನು ನಿರ್ಧರಿಸುತ್ತಿದ್ದುದು ಹಿಡಿಯಬೇಕಾದ ಅಲೆ. ಅರ್ಧ ಅಲೆಯಷ್ಟು ಉದ್ದದ ಕಡ್ಡಿ ಆ ಅಲೆಗೆ ಚೆನ್ನಾಗಿ ಮಿಡಿಯುತ್ತದೆ. ವಿಮಾನದ ಮೂತಿಯ ಕಡ್ಡಿಗಳೂ ರಡಾರಿನ ಆಂಟೆನಾಗಳೇ, ಅಲ್ಲೂ ಇದೇ ಲೆಕ್ಕ. ಜರ್ಮನರ ಮೊದಲಿನ ಲಿಖ್ಟೆನ್‌ಸ್ಟೈನ್ ರಡಾರಿನ ಅಲೆ ಸುಮಾರು 60 ಸೆಂ.ಮೀ., ಹಾಗಾಗಿ ಗಿಡ್ಡ ಕಡ್ಡಿಗಳು. ಹೊಸ ಎಸ್‌ಎನ್-2 ರಡಾರಿನದು ಮೂರು ಮೀಟರಿಗೂ ಮೇಲೆ. ಸಾರಂಗದ ಕೊಂಬಿನ ಹಾಗೆ ಉದ್ದುದ್ದ ಚಾಚಿದ ಕಡ್ಡಿಗಳು. ಎರಡೂ ಬಗೆ ಒಟ್ಟಿಗಿದ್ದರೆ, ತೀರ ಹತ್ತಿರದ ಗುರಿ ಎಸ್‌ಎನ್-2ಗೆ ಕಾಣದಿದ್ದ ಆರಂಭದ ದಿನಗಳ ವಿಮಾನ ಅದು. ಅಳತೆಪಟ್ಟಿ ಹಿಡಿದು ಇಷ್ಟನ್ನು ತಿಳಿಯಬಹುದು ಎಂಬುದೇ ನನಗೆ ಬಹಳ ಇಷ್ಟ.

ಉದ್ದ ಅಲೆಯ ಈ ರಡಾರನ್ನು ಅವಸರದಿಂದ ಬಳಕೆಗೆ ತಂದದ್ದಕ್ಕೆ ಕಾರಣ ಹ್ಯಾಂಬರ್ಗ್. 1943ರ ಜುಲೈಯಲ್ಲಿ ಆ ನಗರದ ಮೇಲೆ ದಾಳಿಗೆ ಬಂದ ಬ್ರಿಟಿಷರು ಸುಮಾರು 27 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಲೇಪಿತ ಕಾಗದದ ಪಟ್ಟಿಗಳನ್ನು ರಾಶಿರಾಶಿಯಾಗಿ ಸುರಿದರು. ಗಿಡ್ಡ ಅಲೆಗಳಿಗೆ ಅವು ಕನ್ನಡಿಯಾದವು. ಜರ್ಮನ್ ರಡಾರ್ ಪರದೆಗಳ ಮೇಲೆ ಬಾಂಬರ್‌ಗಳು ಕಳೆದುಹೋದವು. ಮೂರು ಮೀಟರಿನ ಅಲೆಗೆ ಮಾತ್ರ ಆ ಪಟ್ಟಿಗಳು ಲೆಕ್ಕಕ್ಕೇ ಇಲ್ಲ.

ಡ್ಯೂಬೆನ್‌ಡಾರ್ಫ್‌ನಲ್ಲಿ ಇಳಿದ ವಿಮಾನದಲ್ಲಿದ್ದದ್ದು ಈ ಎಸ್‌ಎನ್-2; ಅದರ ಅಲೆಯ ಅಳತೆ ಬ್ರಿಟಿಷರ ಕಿವಿಗೆ ಬಿದ್ದರೆ ಆಟ ಮುಗಿದಂತೆ. ಆದ್ದರಿಂದ ಜರ್ಮನಿ ಚೌಕಾಸಿಗೆ ಇಳಿಯಿತು: ವಿಮಾನವನ್ನು ಸುಟ್ಟುಹಾಕಿದರೆ ಸ್ವಿಟ್ಜರ್ಲೆಂಡಿಗೆ 12 ಬಿಎಫ್ 109 ಫೈಟರ್‌ಗಳನ್ನು ಮಾರುತ್ತೇವೆ ಎಂದಿತು. ಮೇ ತಿಂಗಳಲ್ಲಿ ಸ್ವಿಸ್ಸರು ಸುಟ್ಟರು. ದುಡ್ಡು ಕೊಟ್ಟು ತಂದ ಫೈಟರ್‌ಗಳು ಕಳಪೆಯಾಗಿದ್ದವು.

ಒಂದು ಅಪರೂಪದ ವಿಮಾನ ಹೀಗೆ ಬೂದಿಯಾದದ್ದು ನೋವಿನ ಸಂಗತಿ, ಅದರಿಂದ ಉಳಿದ ಗುಟ್ಟಿಗೂ ಆಯುಸ್ಸಿರಲಿಲ್ಲ. ಅದೇ ವರ್ಷದ ಜುಲೈ 13ರಂದು ದಿಕ್ಕುತಪ್ಪಿದ ಜರ್ಮನ್ ಯುಂಕರ್ಸ್ 88 ಒಂದು ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲೇ ಇಳಿಯಿತು, ಮೂತಿಯಲ್ಲಿ ಎಸ್‌ಎನ್-2 ಹೊತ್ತುಕೊಂಡು. ಬ್ರಿಟಿಷರು ಅದನ್ನು ಪರೀಕ್ಷಿಸಿ, ಅದರ ಅಲೆಗೆ ತಕ್ಕಂತೆ ಉದ್ದದ ಪಟ್ಟಿಗಳನ್ನು ಬಳಕೆಗೆ ತಂದರು.