ಹಾಡಿಗೆ ಹೊರಟ ಡಾಕ್ಟರು
ಎಂಬಿಬಿಎಸ್ ಮುಗಿದೊಡನೆ ಪಟ್ಟಣದಲ್ಲಿ ಬೋರ್ಡು ತೂಗುಹಾಕುವುದು ವಾಡಿಕೆ. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಹಿಡಿದ ದಾರಿ ಬೇರೆ. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ ಅವರು, ಕೆಲವೇ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ನಡೆದರು.

ಕಬಿನಿ ಅಣೆಕಟ್ಟು, ಹುಲಿ ಯೋಜನೆಗಳಿಂದಾಗಿ ಕಾಡಿನ ನೆಲೆ ಕಳೆದುಕೊಂಡ ಜೇನುಕುರುಬರು, ಕಾಡುಕುರುಬರು ಅಲ್ಲಿದ್ದರು. ಕಾಡು ಬಿಟ್ಟವರಿಗೆ ಗೆಡ್ಡೆಗೆಣಸೂ ಇಲ್ಲ, ಜೇನೂ ಇಲ್ಲ, ಉಳಲು ಹೊಲವೂ ಇಲ್ಲ. ಇಂಥ ಹಸಿವಿಗೆ ಯಾವ ಗುಳಿಗೆ ಬರೆದುಕೊಡುವುದು? ಬ್ರಹ್ಮಗಿರಿಯ ಪುಟ್ಟ ಚಿಕಿತ್ಸಾಲಯದ ಬಳಿಕ ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಎದ್ದವು. ಜೊತೆಗೇ, ಹೊಸಹಳ್ಳಿಯಲ್ಲಿ ಹಾಡಿಯ ಮಕ್ಕಳಿಗೊಂದು ಶಾಲೆ!

ಮಗ, ಮಗಳು ಡಾಕ್ಟರಾಗಲೆಂದು ಹಂಬಲಿಸುವ ತಂದೆತಾಯಿಗಳು ರಜೆಯಲ್ಲೊಮ್ಮೆ ಮಕ್ಕಳೊಂದಿಗೆ ಸರಗೂರಿನ ಬಸ್ಸು ಹತ್ತಬಹುದು.