ಬರಕ್ಕೆ ಬಗ್ಗದ ಬಳ್ಳಿ, ಹೋಟೆಲ್‌ಗೆ ಬಗ್ಗುತ್ತಿದೆ

ಗ್ರೀಸ್ ದೇಶದ ಸಾಂಟೊರಿನಿ ದ್ವೀಪವನ್ನು ನೀವು ನೋಡೇ ಇರ್ತೀರಿ. ಬಿಳಿ ಮನೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಮೊಬೈಲ್ ತೆರೆದರೆ ಅದೇ ಫೋಟೊ. ಆ ಫೋಟೊದಲ್ಲಿ ಕಾಣದ ಒಂದು ದ್ರಾಕ್ಷಿ ಇದೆ. ಹೆಸರು ಅಸಿರ್ಟಿಕೊ. ಬಿಳಿ ವೈನ್ ಮಾಡೋ ದ್ರಾಕ್ಷಿ. ಕುಡಿಯಿರಿ ಅಂತ ನಾನು ಹೇಳ್ತಿಲ್ಲ, ಕತೆ ಕೇಳಿ.

ಅಲ್ಲಿ ವರ್ಷಕ್ಕೆ 400 ಮಿಲಿಮೀಟರ್ ಮಳೆಯೂ ಇಲ್ಲ. ಬೇಸಿಗೆಯಲ್ಲಿ ಮೆಲ್ಟೆಮಿ ಅನ್ನೋ ಗಾಳಿ ಮರಳೆತ್ತಿ ಎರಚುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಹಾಗೆ ಚಪ್ಪರ ಹಾಕಿದರೆ ಮುಗೀತು, ಬಳ್ಳಿ ಚಿಂದಿ. ಹಾಗಾದ್ರೆ ಏನು ಮಾಡಿದ್ರು? ಬಳ್ಳಿಯನ್ನೇ ನೆಲದ ಮೇಲೆ ಸಿಂಬಿಯ ಹಾಗೆ ಸುತ್ತಿದರು! ವರ್ಷ ವರ್ಷವೂ ಸವರಿ, ಸುತ್ತಿ, ಅದೊಂದು ಬುಟ್ಟಿಯಾಗುತ್ತೆ. ಗೊಂಚಲು ಒಳಗೆ, ಎಲೆ ಮೇಲೆ. ಇದಕ್ಕೆ ಕುಲೂರ ಅಂತಾರೆ. ಗಾಳಿಗೆ ತಡೆ, ಬಿಸಿಲಿಗೆ ನೆರಳು, ಕಂಬ-ತಂತಿಯ ಖರ್ಚಿಲ್ಲ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದಕ್ಕಿಂತ ಅಗ್ಗದ ವಿನ್ಯಾಸ ನಾನು ಕಂಡಿಲ್ಲ.

ನೀರು? ಸುಮಾರು 3,600 ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಹಗುರ, ತೂತುತೂತಾದ ಕಲ್ಲು ಸ್ಪಂಜಿನಂತೆ ಸಮುದ್ರದ ಮಂಜನ್ನು ಹೀರಿ ಇಟ್ಟುಕೊಳ್ಳುತ್ತೆ. (ಸುಯೆಜ್ ಕಾಲುವೆ ಕಟ್ಟುವಾಗ ಗಾರೆಗೆ ಬೆರೆಸಲು ಹಡಗಿನಲ್ಲಿ ಸಾಗಿಸಿದ್ದು ಇದೇ ಬೂದಿಯನ್ನು.) ಈ ಮಣ್ಣಲ್ಲಿ ಜೇಡಿ ಇಲ್ಲ ಅನ್ನುವಷ್ಟು ಕಡಿಮೆ. ಬಳ್ಳಿಯ ಜೀವ ಉಳಿಸಿದ್ದೂ ಅದೇ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿಗೆ ಬಂದು, ಮುಂದೆ ಯುರೋಪಿನ ತೋಟಗಳನ್ನೆಲ್ಲ ತಿಂದಿತು. ಆಮೇಲೆ ಎಲ್ಲರೂ ಅಮೆರಿಕದ ಬೇರಿಗೆ ಕಸಿ ಕಟ್ಟಿದರು. ಸಾಂಟೊರಿನಿಯ ಮಣ್ಣಲ್ಲಿ ಹೇನು ಬದುಕಲಿಲ್ಲ. ಹಾಗಾಗಿ ಇಲ್ಲಿನ ಬಳ್ಳಿ ಇಂದಿಗೂ ಸ್ವಂತ ಬೇರಿನ ಮೇಲಿದೆ. ಬುಟ್ಟಿ ಮುದಿಯಾದರೆ ಕಡಿದು ಹಾಕ್ತಾರೆ, ಅದೇ ಬೇರು ಮತ್ತೆ ಚಿಗುರುತ್ತೆ.

ಸಾಮಾನ್ಯವಾಗಿ ಬಿಸಿಲು ಜಾಸ್ತಿಯಾದರೆ ದ್ರಾಕ್ಷಿಯ ಹುಳಿ ಇಳಿಯುತ್ತೆ. ಅಸಿರ್ಟಿಕೊ ಹುಳಿ ಬಿಡೋದಿಲ್ಲ. ಅದರ ವೈನ್ ನಿಂಬೆಯಷ್ಟು ಚುರುಕು, ತುಸು ಉಪ್ಪುಪ್ಪು. ಹಣ್ಣನ್ನು ಬಿಸಿಲಲ್ಲಿ ಒಣಗಿಸಿ, ಕನಿಷ್ಠ 2 ವರ್ಷ ಪೀಪಾಯಿಯಲ್ಲಿಟ್ಟು ಮಾಡುವ ಸಿಹಿ ವೈನ್ ವಿನ್‌ಸಾಂಟೊ. ಆ ಹುಳಿ ಇರೋದ್ರಿಂದಲೇ ಸಿಹಿ ಮೊಗಚೋದಿಲ್ಲ.

ಬರ, ಬಿರುಗಾಳಿ, ಹೇನು ಯಾವುದಕ್ಕೂ ಸೋಲದ ಬಳ್ಳಿಗೆ ಈಗ ಪ್ರವಾಸಿಗಳ ಭಯ. ಸುಮಾರು 15,000 ಜನರ ದ್ವೀಪಕ್ಕೆ 2023ರಲ್ಲಿ ಬಂದವರು ಹತ್ತಿರ ಹತ್ತಿರ 34 ಲಕ್ಷ! ಮೊಣಕಾಲೂರಿ ಕೈಯಲ್ಲೇ ಕೊಯ್ಯಬೇಕಾದ, ಇಳುವರಿ ಕಡಿಮೆಯ ಹೊಲ ಒಂದು ಕಡೆ. ಅದೇ ಜಾಗದಲ್ಲಿ ಈಜುಕೊಳದ ಹೋಟೆಲ್ ಇನ್ನೊಂದು ಕಡೆ. ರೈತನ ಮಗ ಯಾವುದನ್ನು ಆರಿಸಿಕೊಳ್ತಾನೆ, ನೀವೇ ಹೇಳಿ. ಸಾಂಟೊರಿನಿ ವೈನ್ ಎಂಬ ಹೆಸರಿಗೆ 1971ರಿಂದ ಕಾನೂನಿನ ರಕ್ಷಣೆ ಇದೆ. ಲೇಬಲ್ಲಿಗೆ ಸಿಕ್ಕಷ್ಟು ಕಾವಲು ಹೊಲಕ್ಕೆ ಸಿಗಲಿಲ್ಲ ಅನ್ನೋದು ನನ್ನ ತಕರಾರು. ಅತ್ತ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ಜಿಮ್ ಬ್ಯಾರಿ ಕಂಪನಿಯವರು ಇದೇ ಅಸಿರ್ಟಿಕೊ ಕಡ್ಡಿ ತಂದು ನೆಟ್ಟು, ಬೆಳೆಸಿ, ವೈನ್ ಮಾರುತ್ತಿದ್ದಾರೆ.