ಹೂಮಾಲೆ ಬಾಡಿದ ಬಗೆ

1987ರ ಜುಲೈ ಅಂತ್ಯದಲ್ಲಿ ಭಾರತದ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಬಂದಿಳಿದಾಗ ಅಲ್ಲಿನ ತಮಿಳರು ಯೋಧರಿಗೆ ಹೂಮಾಲೆ ಹಾಕಿ ಸ್ವಾಗತಿಸಿದರು. ಶ್ರೀಲಂಕಾ ಸೇನೆಯಿಂದ ತಮ್ಮನ್ನು ಕಾಪಾಡಲು ಬಂದವರಿವರು ಎಂಬ ಭರವಸೆ ಅವರದಾಗಿತ್ತು. ಮೂರು ವರ್ಷ ತುಂಬುವ ಮೊದಲೇ, 1990ರ ಮಾರ್ಚ್‌ನಲ್ಲಿ, ಸುಮಾರು 1,200 ಯೋಧರನ್ನು ಕಳೆದುಕೊಂಡು ಆ ಪಡೆ ಹಿಂದಿರುಗಿದಾಗ ಆ ಅಭಿಮಾನ ಉಳಿದಿರಲಿಲ್ಲ. ರಕ್ಷಕ ಆಕ್ರಮಣಕಾರನಾಗಿ ಕಂಡದ್ದು ಹೇಗೆ?

ಶಸ್ತ್ರತ್ಯಾಗಕ್ಕೆ ಒಪ್ಪದ ಎಲ್‌ಟಿಟಿಇಯ ಹಟ ಇದಕ್ಕೆ ಒಂದು ಕಾರಣ, ನಿಜ. ಆದರೆ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಅದರ ಬೆಲೆ ತೆತ್ತವರು ಜನಸಾಮಾನ್ಯರು. ಅಕ್ಟೋಬರ್ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಗೆ ನುಗ್ಗಿದ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಬಲಿಯಾದರು. ಅದು ಗುಂಡಿನ ಚಕಮಕಿಯೆಂದು ಸೇನೆ ಹೇಳಿತು. ಬದುಕುಳಿದವರು ಬೇರೆಯದೇ ಕಥೆ ಹೇಳಿದರು. 1989ರ ಆಗಸ್ಟ್‌ನಲ್ಲಿ ವಲ್ವೆಟ್ಟಿತುರೈಯಲ್ಲಿ, ಗಸ್ತು ಪಡೆಯ ಮೇಲಿನ ದಾಳಿಯ ಬೆನ್ನಲ್ಲೇ ಐವತ್ತಕ್ಕೂ ಹೆಚ್ಚು ನಾಗರಿಕರು ಹತರಾದರು.

ಇಂಥ ದುರಂತಗಳಷ್ಟೇ ಅಲ್ಲ, ದಿನನಿತ್ಯದ ಅವಮಾನಗಳೂ ಮನಸ್ಸನ್ನು ಕಹಿಯಾಗಿಸುತ್ತವೆ. ಬಹುಪಾಲು ಸೈನಿಕರಿಗೆ ತಮಿಳು ಬಾರದು. ಗೆರಿಲ್ಲಾ ಯಾರು, ರೈತ ಯಾರೆಂದು ಗುರುತಿಸುವುದು ಕಷ್ಟ. ಹೀಗಾಗಿ ತಪಾಸಣೆ ಠಾಣೆಯಲ್ಲಿ ಪ್ರತಿ ಯುವಕನೂ ಶಂಕಿತನಾದ. ಸೇನೆಯ ಬೆಂಬಲವಿದ್ದ ಗುಂಪುಗಳು ಹುಡುಗರನ್ನು ಬಲವಂತವಾಗಿ ತಮ್ಮ ಪಡೆಗೆ ಎಳೆದೊಯ್ದಾಗ ತಾಯಂದಿರ ಶಾಪ ತಟ್ಟಿದ್ದು ಭಾರತಕ್ಕೆ.

ಹಾಗೆಂದು ಈ ಜನರೆಲ್ಲ ಎಲ್‌ಟಿಟಿಇಯ ಭಕ್ತರಾಗಿರಲಿಲ್ಲ. ಜಾಫ್ನಾ ವಿಶ್ವವಿದ್ಯಾಲಯದ ಅಧ್ಯಾಪಕಿ ಡಾ. ರಜನಿ ತಿರಣಗಾಮ ಎರಡೂ ಕಡೆಯವರ ಹಿಂಸೆಯನ್ನು ನಿರ್ಭೀತಿಯಿಂದ ದಾಖಲಿಸಿದವರು. 1989ರ ಸೆಪ್ಟೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅತ್ತ ಸಿಂಹಳ ದಕ್ಷಿಣದಲ್ಲಿಯೂ ಆಕ್ರೋಶವೇ. ಒಪ್ಪಂದದ ಮರುದಿನ ಕೊಲಂಬೊದಲ್ಲಿ ಗೌರವ ರಕ್ಷೆ ಸ್ವೀಕರಿಸುತ್ತಿದ್ದ ಪ್ರಧಾನಿ ರಾಜೀವ್ ಗಾಂಧಿ ಅವರಿಗೆ ನೌಕಾದಳದ ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದಿದ್ದ. 1989ರಲ್ಲಿ ಅಧ್ಯಕ್ಷ ಪ್ರೇಮದಾಸ ಪಡೆಯ ನಿರ್ಗಮನಕ್ಕೆ ಪಟ್ಟು ಹಿಡಿದರು.

ಪರದೇಶದ ಸೈನಿಕ ಉತ್ತರದಾಯಿಯಾಗಿರುವುದು ತನ್ನ ರಾಜಧಾನಿಗೆ, ತಾನು ಕಾವಲು ನಿಂತ ಬೀದಿಗಲ್ಲ. ಮಗನನ್ನು ಕಳೆದುಕೊಂಡ ಜಾಫ್ನಾದ ತಾಯಿಗೆ ದೆಹಲಿಯಲ್ಲಿ ಮತವಿರಲಿಲ್ಲ, ದೂರು ಕೇಳುವವರೂ ಇರಲಿಲ್ಲ. ಸದುದ್ದೇಶ ಎಷ್ಟೇ ಇದ್ದರೂ ಈ ಕಂದರವನ್ನು ಅದು ತುಂಬಲಾರದು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಅಮೆರಿಕ ಎಡವಿದ್ದನ್ನು ವಿಶ್ಲೇಷಿಸುವಾಗ ನಾವು ನಮ್ಮದೇ ಈ ಅಧ್ಯಾಯವನ್ನು ಮರೆಯಬಾರದು.